ಅಜ್ಜನ ವರ್ಷ ದೀಪಾವಳಿಗೆ ಮುಗೀತಿತ್ತು

ಮಾರ್ಚ್ ಕೊನೆಯ ವಾರ ಬಂತೆಂದರೆ ನಮ್ಮ ಆಫೀಸಿನಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಬಾಡಿಗೆ ರಸೀದಿ ಎಲ್ಲಿ, ಎಲ್‌ಐಸಿ ಕಟ್ಟಿದ್ದು ಎಲ್ಲಿ, ಇನ್ನೂ ಎಷ್ಟು ಟ್ಯಾಕ್ಸ್ ಕಟ್ ಆಗುತ್ತೆ ಅನ್ನೋದೇ ಮಾತು. ಹೋದ ವರ್ಷ ಈ ಗಡಿಬಿಡಿಯಲ್ಲೇ ನಮ್ಮ ಟೀಮಿನ ಹುಡುಗಿಯೊಬ್ಬಳು ಕೇಳಿದಳು: "ಜನವರಿಗೊಂದು ಹೊಸ ವರ್ಷ, ಯುಗಾದಿಗೊಂದು ಹೊಸ ವರ್ಷ. ಈ ಏಪ್ರಿಲ್ ಒಂದು ಎಲ್ಲಿಂದ ಬಂತು?" ನನಗೂ ಗೊತ್ತಿರಲಿಲ್ಲ. ಆದರೆ ತಟ್ಟನೆ ನೆನಪಾಗಿದ್ದು ನಮ್ಮಜ್ಜನ ಅಂಗಡಿ. ಅಲ್ಲಿ ವರ್ಷ ಮುಗಿಯುತ್ತಿದ್ದದ್ದು ದೀಪಾವಳಿ ಅಮಾವಾಸ್ಯೆಗೆ.

ಗದಗ ಜಿಲ್ಲೆಯ ಎರೆಭೂಮಿಯ ಸಣ್ಣ ಊರು ನಮ್ಮದು. ಅಜ್ಜನದು ಕಿರಾಣಿ ಅಂಗಡಿ. ಬಜೆಟ್ ಅನ್ನೋ ಪದ ಅವನ ಬಾಯಲ್ಲಿ ಒಂದು ದಿನವೂ ಕೇಳಿಲ್ಲ, 'ಅಂದಾಜು' ಅಂತಿದ್ದ. ಆ ಅಂದಾಜು ಹನ್ನೆರಡು ಸಮ ತಿಂಗಳುಗಳದ್ದಲ್ಲ. ಮುಂಗಾರು ಮಳೆ ಬಿದ್ದು ಹೆಸರು ಬಿತ್ತಿದ ಮೇಲೆ ಊರಲ್ಲಿ ಯಾರ ಕೈಯಲ್ಲೂ ರೊಕ್ಕ ಇರುತ್ತಿರಲಿಲ್ಲ, ಇದ್ದದ್ದೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತಿತ್ತು. ಅಷ್ಟರಲ್ಲಿ ನಾಗರಪಂಚಮಿ. ಉಂಡಿಗೆ ಬೆಲ್ಲ, ಪುಠಾಣಿ, ಕೊಬ್ಬರಿ ಬೇಕೇ ಬೇಕು. ಇಡೀ ವರ್ಷದಲ್ಲಿ ಭರ್ಜರಿ ಮಾರಾಟದ ವಾರ ಅದು, ಗಲ್ಲಾ ಪೆಟ್ಟಿಗೆ ಮಾತ್ರ ಖಾಲಿ. ಎಲ್ಲಾ ಉದ್ರಿ. ಆ ಉದ್ರಿ ಕೊಡೋಕೆ ಅಜ್ಜ ಗದಗಿನ ಸಗಟು ವ್ಯಾಪಾರಿಯ ಹತ್ತಿರ ತಾನೂ ಉದ್ರಿ ತರುತ್ತಿದ್ದ. ಆಗಸ್ಟ್ ಕೊನೆಗೆ ಹೆಸರು ಕೈಗೆ ಬಂದರೆ ಮೊದಲ ರೊಕ್ಕ. ಹಿಂಗಾರಿನ ಕಡಲೆ, ಜೋಳ ಬಂದರೆ ಫೆಬ್ರವರಿ-ಮಾರ್ಚಿನಲ್ಲಿ ಎರಡನೆಯದು. ಹೆಸರಿನ ರೊಕ್ಕ ಊರಲ್ಲಿ ಓಡಾಡಿ ಮುಗಿಯುವ ಮೊದಲು, ಅಂದರೆ ದೀಪಾವಳಿಯೊಳಗೆ, ಬಾಕಿ ವಸೂಲಿ ಮಾಡಬೇಕು, ಗದಗಿನ ಲೆಕ್ಕ ಚುಕ್ತಾ ಮಾಡಬೇಕು.

ಅಜ್ಜ ಧರ್ಮಾತ್ಮ ಅಂತ ಹೇಳ್ತಿಲ್ಲ. ರೋಕ್ ರೇಟು ಬೇರೆ, ಉದ್ರಿ ರೇಟು ಬೇರೆ ಇತ್ತು. ಮೂರು ತಿಂಗಳು ಕಾಯುವ ಬೆಲೆ ಅವನು ಬೆಲ್ಲದಲ್ಲೇ ಸೇರಿಸಿರುತ್ತಿದ್ದ.

ಅಮಾವಾಸ್ಯೆ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಮರುದಿನ ಪಾಡ್ಯಕ್ಕೆ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಹೊಸ ಕಿರ್ದಿ ಪುಸ್ತಕ. ಮೇಲೆ ಶ್ರೀಕಾರ, ಅರಿಷಿಣ ಕುಂಕುಮ, ಆಮೇಲೆ ಮೊದಲ ಸಾಲು: ಹಿಂದಿನ ಶಿಲ್ಕು. ಹಾಳೆಗೆ ಗೆರೆ ಇರುತ್ತಿರಲಿಲ್ಲ, ಮಡಚಿ ಮಡಚಿ ಗೆರೆ ಮೂಡಿಸುತ್ತಿದ್ದರು. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು.

ಸಾಫ್ಟ್‌ವೇರ್‌ನವರಿಗೆ ಇದನ್ನ ಒಂದೇ ಸಾಲಲ್ಲಿ ಹೇಳಬಹುದು. ಕಿರ್ದಿ ಅಂದರೆ ಲಾಗ್. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಬರೆಯಬೇಕು, ಅಳಿಸುವ ಹಾಗಿಲ್ಲ, ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಬೇಕು. ಖಾತೆ ಪುಸ್ತಕ ಅಂದರೆ ಅದೇ ಮಾಹಿತಿಯನ್ನು ಹೆಸರಿನ ಪ್ರಕಾರ ಜೋಡಿಸಿದ್ದು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಕೆಲಸ. ನಾವು ಇಂಟರ್‌ವ್ಯೂನಲ್ಲಿ ವೈಟ್‌ಬೋರ್ಡ್ ಮುಂದೆ ನಿಂತು ಇದನ್ನೇ ದೊಡ್ಡ ಡಿಸೈನ್ ಅನ್ನೋ ಹಾಗೆ ವಿವರಿಸ್ತೀವಿ. ಅಜ್ಜ ಕಂದೀಲಿನ ಬೆಳಕಲ್ಲಿ ದಿನಾ ಮಾಡ್ತಿದ್ದ.

ಕಾಗದದ ಪುಸ್ತಕ ಮನೆಮನೆಗೆ ಬರುವ ಮೊದಲು ಕನ್ನಡ ನಾಡಿನ ವರ್ತಕರ ಲೆಕ್ಕ ಇರುತ್ತಿದ್ದದ್ದು ಕಡತದಲ್ಲಿ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಕತ್ತರಿಸದೆ ಪುಸ್ತಕದ ಹಾಗೆ ಮಡಚಿ, ಎರಡು ತುದಿಗೆ ಮರದ ಹಲಗೆ ಕೂರಿಸುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ಕೂಲಂಕಷವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಈಗಲೂ ಇವೆ. ಸ್ಲೇಟಿನ ಹಾಗೆ ಕಡತವನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಬಹುದಾದ ಲೆಕ್ಕವನ್ನು ನಂಬಿ ವ್ಯಾಪಾರ ನಡೆಸಿದ ಜನ! ಬಟ್ಟೆ ಹೋಯಿತು, ಹೆಸರು ಉಳಿಯಿತು. ವಿಧಾನಸೌಧದಲ್ಲಿ ಕಡತ ಕಳೆದುಹೋಯಿತು ಅಂತ ಪೇಪರಲ್ಲಿ ಬಂದಾಗಲೆಲ್ಲ ನನಗೆ ಆ ಕಪ್ಪು ಬಟ್ಟೆ ನೆನಪಾಗುತ್ತೆ.

ಈಗ ಏಪ್ರಿಲ್‌ಗೆ ಬರೋಣ. 1857ರ ದಂಗೆ ಅಡಗಿಸೋಕೆ ಮಾಡಿದ ಖರ್ಚಿನಿಂದ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಅದನ್ನು ಸರಿಪಡಿಸಲು ಲಂಡನ್ನಿನಿಂದ ಬಂದವನು ಜೇಮ್ಸ್ ವಿಲ್ಸನ್, 'ದಿ ಎಕನಾಮಿಸ್ಟ್' ಪತ್ರಿಕೆ ಶುರುಮಾಡಿದವನು. 1860ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ಬಜೆಟ್ ಮಂಡಿಸಿದ, ಜೊತೆಗೆ ಆದಾಯ ತೆರಿಗೆಯನ್ನೂ ತಂದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ವಿನಾಯಿತಿ. ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡ. ಆಗ ಸರ್ಕಾರದ ಲೆಕ್ಕದ ವರ್ಷ ಮೇ 1ರಿಂದ ಏಪ್ರಿಲ್ 30ರವರೆಗೆ ಇತ್ತು. 1867ರಲ್ಲಿ ಅದನ್ನು ಬ್ರಿಟನ್ ಸರ್ಕಾರದ ಲೆಕ್ಕಕ್ಕೆ ಹೊಂದುವಂತೆ ಏಪ್ರಿಲ್ 1ಕ್ಕೆ ತಂದರು. ಅಂದರೆ ನಮ್ಮ ಮಳೆಗೂ ಬೆಳೆಗೂ ಕೇಳಿ ಇಟ್ಟ ಮುಹೂರ್ತ ಅಲ್ಲ ಅದು. (ಬ್ರಿಟನ್ನಿನಲ್ಲಿ ಜನರ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 6ಕ್ಕೆ ಶುರು. 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿದ್ದರ ಪರಿಣಾಮ. ಹಳೇ ಸಿಸ್ಟಮ್ಮಿನ ಬಗ್ ಎಷ್ಟು ವರ್ಷ ಬದುಕುತ್ತೆ ನೋಡಿ.)

ಆದರೂ ಆ ಕಾಲದ ಸರ್ಕಾರಕ್ಕೆ ಒಂದು ವಿವೇಕ ಇತ್ತು. ತನ್ನ ವರ್ಷ ತನಗೆ, ವ್ಯಾಪಾರಿಯ ವರ್ಷ ವ್ಯಾಪಾರಿಗೆ. 1922ರ ಆದಾಯ ತೆರಿಗೆ ಕಾಯ್ದೆಯಲ್ಲಿ ವ್ಯಾಪಾರಿ ತನ್ನ ಲೆಕ್ಕವನ್ನು ಬೇರೆ ದಿನಕ್ಕೆ ಮುಗಿಸುತ್ತಿದ್ದರೆ ಅದನ್ನೇ ತೆರಿಗೆಗೂ ಒಪ್ಪಿಕೊಳ್ಳಲು ಅವಕಾಶ ಇತ್ತು. 1961ರ ಕಾಯ್ದೆಯಲ್ಲೂ ಮುಂದುವರಿಯಿತು. ಗುಜರಾತಿ, ಮಾರವಾಡಿ ವರ್ತಕರು, ಅವರ ಜೊತೆ ವ್ಯವಹಾರ ಇದ್ದ ನಮ್ಮ ಪೇಟೆಯವರು ದೀಪಾವಳಿಗೆ ಲೆಕ್ಕ ಮುಗಿಸುತ್ತಿದ್ದರು. ಅಜ್ಜನ ಆದಾಯ ತೆರಿಗೆ ಮಟ್ಟಕ್ಕೆ ಮುಟ್ಟಿದ್ದೇ ಇಲ್ಲ. ಆದರೆ ಗದಗಿನ ಸಗಟು ವ್ಯಾಪಾರಿಯದ್ದು ಮುಟ್ಟುತ್ತಿತ್ತು, ಅವನ ವರ್ಷವೇ ಅಜ್ಜನ ವರ್ಷ.

ಅಜ್ಜನ ಟ್ರಂಕಿನಲ್ಲಿರುವ ಅತಿ ಹಳೆಯ ಕಿರ್ದಿ 1956ರ ದೀಪಾವಳಿಯದ್ದು. ಮೊದಲರ್ಧ ರೂಪಾಯಿ, ಆಣೆ, ಪೈ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದ್ದಾಯಿತು. ಒಂದು ಆಣೆಗೆ ಆರೂಕಾಲು ಪೈಸೆ. ಅವತ್ತಿನ ಹಾಳೆಗಳ ಅಂಚಿನಲ್ಲಿ ಅಜ್ಜ ಕೂಡಿ ಕಳೆದ ಗುರುತುಗಳು ತುಂಬಿವೆ. ಆ ಕಾಲು ಪೈಸೆ ಯಾರ ಪಾಲಿಗೆ ಹೋಯಿತೋ, ನನಗೆ ಅನುಮಾನ ಇದೆ!

ಬದಲಾವಣೆ ಬಂದದ್ದು 1987ರಲ್ಲಿ. ಕಾಯ್ದೆಗೆ ತಿದ್ದುಪಡಿ ತಂದು ಎಲ್ಲರಿಗೂ ಒಂದೇ ವರ್ಷ, ಮಾರ್ಚ್ 31ಕ್ಕೆ ಮುಕ್ತಾಯ ಅಂತ ಮಾಡಿದರು. 1989ರ ಮಾರ್ಚಿನಿಂದ ಜಾರಿ. 1987ರ ದೀಪಾವಳಿಗೆ ಪುಸ್ತಕ ತೆರೆದಿದ್ದವರಿಗೆ ಆ ಒಂದು ವರ್ಷ ಹದಿನೇಳು ತಿಂಗಳಿಗೂ ಹೆಚ್ಚು ಉದ್ದವಾಯಿತು. ತೆರಿಗೆ ಇಲಾಖೆಗೆ ಅನುಕೂಲ ಆಗಿರಲೇಬೇಕು, ಒಬ್ಬೊಬ್ಬರದ್ದು ಒಂದೊಂದು ವರ್ಷ ಇದ್ದರೆ ಲೆಕ್ಕ ಹಿಡಿಯೋದು ಹೇಗೆ? ವಿಚಿತ್ರ ಅಂದರೆ ಅದಕ್ಕೆ ಎರಡು ವರ್ಷ ಮೊದಲಷ್ಟೇ ಎಲ್.ಕೆ. ಝಾ ಸಮಿತಿ ಸರ್ಕಾರದ ವರ್ಷವನ್ನೇ ಜನವರಿಗೆ ಬದಲಿಸಿ, ಮಳೆ ಹೇಗಾಯಿತು ಅಂತ ಗೊತ್ತಾದ ಮೇಲೆ ಬಜೆಟ್ ಮಾಡಬಹುದು ಅಂತ ಹೇಳಿತ್ತು. ಸರ್ಕಾರ ಒಪ್ಪಲಿಲ್ಲ.

ನಮ್ಮ ಅಂಗಡಿಗೆ ಇದರ ಬಿಸಿ ತಟ್ಟಿದ್ದು ನಿಧಾನಕ್ಕೆ. ಗದಗಿನವರು ದೀಪಾವಳಿಯ ಬದಲು "ಮಾರ್ಚ್ ಎಂಡ್ ಒಳಗ ಚುಕ್ತಾ ಮಾಡ್ರಿ" ಅನ್ನತೊಡಗಿದರು. ಊರವರು ಮಾತ್ರ ಮೊದಲಿನಂತೆ ಬೆಳೆ ಬಂದಾಗಲೇ ಕೊಡುತ್ತಿದ್ದರು. ಒಳ್ಳೆ ವರ್ಷಗಳಲ್ಲಿ ತೊಂದರೆ ಆಗಲಿಲ್ಲ, ಕಡಲೆ ರೊಕ್ಕ ಮಾರ್ಚಿಗೆ ಸರಿಯಾಗಿ ಬರ್ತಿತ್ತು. 2003ರ ಮಾರ್ಚ್ ಹಾಗಿರಲಿಲ್ಲ. ಬರದ ಮೇಲೆ ಬರ. ಹೆಸರು ಬರಲಿಲ್ಲ, ಕಡಲೆ ಮೊಳಕೆಯಲ್ಲೇ ಒಣಗಿತು. ಊರಿನ ಅರ್ಧ ಮನೆಗೆ ಬೀಗ, ಜನ ಗೋವಾಕ್ಕೆ ಗುಳೆ ಹೋಗಿದ್ದರು. ಅಷ್ಟರಲ್ಲಿ ಅಂಗಡಿ ಅಪ್ಪನ ಕೈಗೆ ಬಂದಿತ್ತು. ಖಾತೆ ಪುಸ್ತಕ ಹಿಡಿದು ಉಳಿದ ಮನೆಗಳಿಗೆ ಹೊರಟಿದ್ದ ಅಪ್ಪನನ್ನು ಅಜ್ಜ ಬಾಗಿಲಲ್ಲೇ ತಡೆದ.

"ಮಳಿ ಇಲ್ಲದ ವರ್ಷ ಬಾಕಿ ಕೇಳಾಕ ಹೋಗಬ್ಯಾಡ. ಅವರೂ ಊರು ಬಿಟ್ರ ಬಾಕೀನೂ ಹೋತು, ಗಿರಾಕೀನೂ ಹೋತು."

"ಗದಗಿನವರು ಬಿಡ್ತಾರೇನಪಾ? ಅವರಿಗೆ ಮಾರ್ಚ್ ಐತಿ," ಅಂದ ಅಪ್ಪ.

ಅಜ್ಜ ಏನೂ ಹೇಳಲಿಲ್ಲ. ಮೂರನೇ ದಿನ ಅವ್ವನ ಪಾಟಲಿ ಗದಗಿಗೆ ಹೋದವು. ನಾನು ಆಗ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ಅವ್ವನ ಕೈಯಲ್ಲಿ ಗಾಜಿನ ಬಳೆ ಅಷ್ಟೇ ಇದ್ದವು. ಗದಗಿನವರನ್ನು ಬಯ್ಯುವಂತಿರಲಿಲ್ಲ, ಅವರೂ ಮೇಲಿನವರಿಗೆ ಮಾರ್ಚಿನಲ್ಲೇ ಲೆಕ್ಕ ಕೊಡಬೇಕಿತ್ತು.

ಅಂಗಡಿಯನ್ನು ಈಗ ಕಾಕಾನ ಮಗ ನಡೆಸ್ತಾನೆ. ಕ್ಯೂಆರ್ ಕೋಡ್ ಇದೆ, ಉದ್ರಿಗೆ ಮೊಬೈಲ್ ಆ್ಯಪ್ ಇದೆ. ಬಾಕಿ ಇದ್ದವರಿಗೆ ಅದು ತಿಂಗಳಿಗೊಮ್ಮೆ ತಾನೇ ಮೆಸೇಜ್ ಕಳಿಸುತ್ತೆ, ಮಳೆ ಆಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ದೀಪಾವಳಿಗೆ ಒಂದು ಕಿರ್ದಿ ಪುಸ್ತಕ ಈಗಲೂ ತರ್ತಾನೆ, ಶ್ರೀಕಾರ ಬರೆದು ಪೂಜೆ ಮಾಡಿ ಮುಚ್ಚಿಡ್ತಾನೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಟ್ರಂಕು ತೆಗೆದು 2002ರ ಖಾತೆ ಪುಸ್ತಕ ನೋಡಿದೆ. ಹಲವು ಹಾಳೆಗಳ ಕೊನೆಗೆ 'ಬಾಕಿ' ಅಂತ ಬರೆದು ಮೊತ್ತ ಬಿಟ್ಟಿದೆ. ಕೆಲವು ಹಾಗೇ ಉಳಿದುಬಿಟ್ಟಿವೆ. ಒಂದು ಹಾಳೆಯಲ್ಲಿ ಮಾತ್ರ, ಗೋವಾದಿಂದ ಮರಳಿ ಬಂದ ಮನೆಯೊಂದರ ಹೆಸರಿನಲ್ಲಿ, ನಾಲ್ಕು ವರ್ಷ ಬಿಟ್ಟು ಬೇರೆ ಶಾಯಿಯಲ್ಲಿ ಅಜ್ಜನ ನಡುಗುವ ಕೈಬರಹ: ಜಮಾ 1,140. ಚುಕ್ತಾ. ದೀಪಾವಳಿ ಪಾಡ್ಯ.