ಮಾರಿ ಬೊಳ್ಳದ ವರ್ಷದ ಅಜ್ಜಿ

ನವೆಂಬರ್ ಬಂತೆಂದರೆ ಬ್ಯಾಂಕಿನಲ್ಲಿ ಪಿಂಚಣಿದಾರರ ಸಾಲು. 'ನಾನು ಬದುಕಿದ್ದೇನೆ' ಎಂದು ಬರೆದುಕೊಡುವ ತಿಂಗಳು ಅದು. ಮುಂಬಯಿಯ ಶಾಖೆಗಳಲ್ಲಿ 37 ವರ್ಷ ದುಡಿದ ನಾನು ಎಷ್ಟು ಮಂದಿಯ ಬದುಕಿಗೆ ರುಜು ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಸ್ವಂತ ಅಜ್ಜಿಯ ವಯಸ್ಸನ್ನು ಕಾಗದದ ಮೇಲೆ ತೋರಿಸಲು ನನ್ನಿಂದ ಆಗಲಿಲ್ಲ. ಎಂ.ಕಾಂ. ಓದಿದವನ ಕಥೆ ಇದು.

ಅಜ್ಜಿ ಎಂದರೆ ತಾಯಿಯ ತಾಯಿ. ನನ್ನನ್ನು ಸಾಕಿದವರು ಅವರೇ. ಊರು ಬಂಟ್ವಾಳದ ಪಾಣೆಮಂಗಳೂರಿನ ಹತ್ತಿರ, ನೇತ್ರಾವತಿ ದಂಡೆ. ಅಜ್ಜ ಅಂಚೆ ಇಲಾಖೆಯಲ್ಲಿದ್ದವರು, 1967ರಲ್ಲಿ ತೀರಿಕೊಂಡರು. ಕುಟುಂಬ ಪಿಂಚಣಿ ಎಂಬುದು ಬರುತ್ತಿತ್ತು, ಆದರೆ ಅದರಲ್ಲಿ ಅಕ್ಕಿ ಬಂದರೆ ಉಪ್ಪು ಬಾರದು. ಹಾಗಾಗಿ ಅಜ್ಜಿ ಬೀಡಿ ಕಟ್ಟಿದರು. ದಿನಕ್ಕೆ ಸಾವಿರ ಬೀಡಿ. ಸಂಜೆ ಅದನ್ನು ಬೀಡಿ ಬ್ರಾಂಚಿಗೆ ಕೊಟ್ಟು ಬಂದರೆ, ಪಿಗ್ಮಿಯವನು ಪುಸ್ತಕ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯ ಸಂಗ್ರಹಿಸುವ ಈ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರುಮಾಡಿದ್ದು. ನನ್ನ ಕಾಲೇಜಿನ ಫೀಸು ಆ ಪುಸ್ತಕದಿಂದಲೇ ಹೋಯಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು ಎಂದು ಹೇಳಿದಾಗ ಅಜ್ಜಿ, "ಹೌದಾ? ಪುಸ್ತಕ ಮಾತ್ರ ಬಿಸಾಡ್ಬೇಡ ಮಗಾ" ಎಂದಿದ್ದರು.

1991ರಲ್ಲಿ ನನ್ನ ಹೆಂಡತಿಯ ಬಾಣಂತನಕ್ಕೆಂದು ಅಜ್ಜಿ ಡೊಂಬಿವಲಿಗೆ ಬಂದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಘಾಟಿ ಹತ್ತಿ ಇಳಿಯುವ ಬಸ್ಸೇ ಗತಿ. ಬಂದಿಳಿದವರು ಎರಡು ದಿನ ಏಳಲಿಲ್ಲ. "ಎರಡು ತಿಂಗಳು ಇದ್ದು ಹೋಗ್ತೇನೆ" ಎಂದವರು 33 ವರ್ಷ ಇದ್ದರು.

ನಮ್ಮ ಮನೆ ಎಂಐಡಿಸಿಯ ವಸತಿ ಭಾಗ ಮಿಲಾಪ್ ನಗರದಲ್ಲಿ, ನೆಲಮಹಡಿ. ಊರಿನ ಓದುಗರಿಗೆ ಹೇಳಬೇಕೆಂದರೆ, ಒಂದು ಕಡೆ ಮರಗಳಿರುವ ಚೆಂದದ ಗಲ್ಲಿಗಳು, ಇನ್ನೊಂದು ಕಡೆ ಬಣ್ಣದ, ಔಷಧದ, ರಾಸಾಯನಿಕದ ಕಾರ್ಖಾನೆಗಳು. ರಾತ್ರಿ ಹನ್ನೊಂದರ ನಂತರ ಒಂದು ವಾಸನೆ, ಬೆಳಗಿನ ಜಾವ ಇನ್ನೊಂದು. "ಇಲ್ಲಿ ಗಾಳಿಗೂ ಪಾಳಿ ಉಂಟು" ಎನ್ನುತ್ತಿದ್ದರು ಅಜ್ಜಿ. 2016ರ ಮೇ 26ರಂದು ಒಂದು ಕಾರ್ಖಾನೆಯಲ್ಲಿ ಸ್ಫೋಟವಾಗಿ ನಮ್ಮ ಕಿಟಕಿಯ ಗಾಜುಗಳೆಲ್ಲ ಒಡೆದು ಬಿದ್ದವು. ಒಳಗಿನಿಂದ ಅಜ್ಜಿ, "ಯಾವ ದೇವಸ್ಥಾನದ ಗರ್ನಾಲು ಅದು?" ಎಂದು ಕೇಳಿದರು. ಅಂದು ಎಷ್ಟೋ ಮನೆಗಳಲ್ಲಿ ಹೆಣ ಬಿದ್ದಿತ್ತೆಂದು ತಿಳಿದ ಮೇಲೆ ಎರಡು ದಿನ ಊಟ ಮಾಡಲಿಲ್ಲ.

ಇನ್ನು ವಯಸ್ಸಿನ ವಿಷಯ. 1991ರಲ್ಲಿ ರೇಷನ್ ಕಾರ್ಡಿಗೆ ಅಜ್ಜಿಯ ಹೆಸರು ಸೇರಿಸಬೇಕಿತ್ತು. ಅರ್ಜಿ ತುಂಬಿಸಿದವನು ನಾನೇ. ಲೋಕಲ್ ಹಿಡಿಯುವ ಅವಸರ. ವಯಸ್ಸು ಎಂಬಲ್ಲಿ 61 ಎಂದು ಗೀಚಿದೆ. ಅಜ್ಜಿಯನ್ನು ಒಂದು ಮಾತು ಕೇಳಲಿಲ್ಲ. ಮುಂದೆ 2012ರಲ್ಲಿ ಆಧಾರ್ ಮಾಡಿಸುವಾಗ ನನ್ನ ಹೆಂಡತಿ ಅದೇ ಕಾರ್ಡು ನೋಡಿ 82 ಎಂದಳು. ಹುಟ್ಟಿದ ತಾರೀಕು ಗೊತ್ತಿಲ್ಲದವರೆಲ್ಲ ಜನವರಿ ಒಂದರಂದು ಹುಟ್ಟುತ್ತಾರಷ್ಟೆ! ಅಜ್ಜಿಯದು 01-01-1930 ಎಂದಾಯಿತು.

ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರು, ಬೇಕಾದಷ್ಟು ಸಲ ಹೇಳಿದ್ದರು ಕೂಡ. "ಮಾರಿ ಬೊಳ್ಳ ಬಂದಾಗ ನಾನು ತೊಟ್ಟಿಲಲ್ಲಿದ್ದೆ. ತೊಟ್ಟಿಲನ್ನೇ ಅಟ್ಟಕ್ಕೆ ಏರಿಸಿದ್ರಂತೆ." ತುಳುವಿನಲ್ಲಿ ಬೊಳ್ಳ ಎಂದರೆ ನೆರೆ. ನಾವು ಅದನ್ನು ಅಜ್ಜಿಕತೆಯೆಂದು ಕೇಳಿದೆವೇ ಹೊರತು ಜನನ ಪತ್ರವೆಂದು ಓದಲಿಲ್ಲ. ನಿವೃತ್ತನಾದ ಮೇಲೆ ಕುಳಿತು ಲೆಕ್ಕ ಹಾಕಿದೆ. ಡೊಂಬಿವಲಿಯ ಮಲಯಾಳಿ ಸ್ನೇಹಿತರೊಬ್ಬರು ಆ ನೆರೆ 1924ರದ್ದು ಎಂದು ವಾದಿಸಿದರು. ಅವರ ಲೆಕ್ಕ ಅವರ ಕಡೆಗೆ ಸರಿ. ಕೇರಳದಲ್ಲಿ '99ರ ನೆರೆ' ಎಂದು ಕರೆಯುವುದು, ಅಂದರೆ ಕೊಲ್ಲಂ ಶಕೆ 1099, ಅದು 1924ರ ಜುಲೈಯದು. ಕಾವೇರಿ ಉಕ್ಕಿದ್ದೂ ಆಗಲೇ. ನೇತ್ರಾವತಿ ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿಗಳನ್ನು ಮುಳುಗಿಸಿದ ಮಾರಿ ಬೊಳ್ಳ ಅದಕ್ಕಿಂತ ಒಂದು ವರ್ಷ ಮೊದಲು, 1923ರ ಆಗಸ್ಟ್‌ನಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಆಧಿಪತ್ಯದಲ್ಲಿತ್ತು. ಹುಟ್ಟಿದ್ದು ಸುಗ್ಗಿ ತಿಂಗಳಲ್ಲಿ ಎಂದು ಅಜ್ಜಿಗೆ ಅವರಮ್ಮ ಹೇಳಿದ್ದರಂತೆ. ಸುಗ್ಗಿ ಎಂದರೆ ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಹಾಗಾದರೆ ನೆರೆ ಬಂದಾಗ ಐದು ತಿಂಗಳ ಕೂಸು, ತೊಟ್ಟಿಲು ಸರಿ ಹೋಯಿತು. 1991ರಲ್ಲಿ ಅವರಿಗೆ 61 ಅಲ್ಲ, 68.

ತೊಟ್ಟಿಲಿನ ಕತೆ ಸುಳ್ಳಲ್ಲವೆಂದು ನನಗೆ ಬೇರೊಂದು ರೀತಿಯಲ್ಲಿ ಗೊತ್ತಿತ್ತು. 1974ರಲ್ಲಿ ಮತ್ತೆ ನೇತ್ರಾವತಿ ಉಕ್ಕಿದಾಗ ನನಗೆ ಹದಿನಾಲ್ಕು. ಬೀಡಿ ಎಲೆ, ಪಿಗ್ಮಿ ಪುಸ್ತಕ, ಅಕ್ಕಿಮುಡಿ ಎಲ್ಲವೂ ಅಟ್ಟಕ್ಕೆ ಹೋದದ್ದು ಅಜ್ಜಿಯ ಆಜ್ಞೆಯಿಂದ, ನೀರು ಅಂಗಳಕ್ಕೆ ಬರುವ ಮೊದಲೇ. ಆಮೇಲೆ 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನು ಫೋರ್ಟ್‌ನ ಶಾಖೆಯಲ್ಲಿ ಸಿಕ್ಕಿಹಾಕಿಕೊಂಡೆ. ಲೋಕಲ್ ಇಲ್ಲ, ಫೋನ್ ಇಲ್ಲ. ರಾತ್ರಿ ಕೌಂಟರಿನ ಮೇಲೆ ಮಲಗಿ, ಮರುದಿನ ಹಳಿಯ ಮೇಲೆ ನಡೆದು, ಸಿಕ್ಕಿದ ಲಾರಿ ಹತ್ತಿ, 28ರ ಬೆಳಿಗ್ಗೆ ಮನೆ ಮುಟ್ಟಿದೆ. ನಾಲೆಯ ನೀರು ಮನೆಯೊಳಗೆ ಮೊಣಕಾಲಿನವರೆಗೆ ಬಂದು ಇಳಿದಿತ್ತು. ಅದರ ಜೊತೆಗೆ ಬಂದ ಎಣ್ಣೆಯಂಥ ಬಣ್ಣ ಗೋಡೆಗೆ ಗೆರೆ ಹಾಕಿತ್ತು. ಆರು ವರ್ಷದ ನನ್ನ ಚಿಕ್ಕ ಮಗಳು ಎಲ್ಲಿ ಎಂದರೆ, ಅಡುಗೆಮನೆಯ ಲಾಫ್ಟ್‌ನಲ್ಲಿ, ಕಂಬಳಿ ಸುತ್ತಿಕೊಂಡು ನಿದ್ದೆ. ಕೆಳಗೆ ಮೇಜಿನ ಮೇಲೆ ಅಜ್ಜಿ ಎಚ್ಚರ ಕುಳಿತಿದ್ದರು. "ಮೊದಲು ಮಗುವನ್ನು ಮೇಲೆ ಹಾಕಿದೆವು. ಅಕ್ಕಿ ಡಬ್ಬ ಆಮೇಲೆ" ಎಂದರು. ಅವರಿಗೆ ಆಗ 82.

2006ರ ಜನವರಿಯಿಂದ ಕೇಂದ್ರ ಸರಕಾರದ ಪಿಂಚಣಿಯಲ್ಲಿ ಒಂದು ಒಳ್ಳೆಯ ನಿಯಮ ಬಂತು. 80 ತುಂಬಿದವರಿಗೆ ಮೂಲ ಪಿಂಚಣಿಯ ಶೇಕಡಾ 20 ಹೆಚ್ಚು, ಐದೈದು ವರ್ಷಕ್ಕೆ ಇನ್ನೂ ಹತ್ತು ಹತ್ತು, 100 ತುಂಬಿದರೆ ಶೇಕಡಾ 100. ಕುಟುಂಬ ಪಿಂಚಣಿಗೂ ಇದೆ. 2023ರ ಸುಗ್ಗಿಗೆ ಅಜ್ಜಿಗೆ ನೂರು. ಕನಿಷ್ಠ ಪಿಂಚಣಿ 9000 ಹಿಡಿದರೂ ಹೆಚ್ಚುವರಿ 9000 ಬರಬೇಕು. ಆಧಾರ್ ಪ್ರಕಾರ ಅವರಿಗೆ 93, ಹಾಗಾಗಿ ಸಿಗುತ್ತಿದ್ದದ್ದು ಶೇಕಡಾ 40, ಅಂದರೆ 3600. ತಿಂಗಳಿಗೆ 5400 ರೂಪಾಯಿ, ಮೇಲೆ ತುಟ್ಟಿಭತ್ಯೆ, ನನ್ನ ಒಂದು ಗೀಚಿನಿಂದ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಬದುಕಿದ ಏಳು ವರ್ಷವನ್ನು ನಾನೇ ಕಳೆದುಬಿಟ್ಟೆನಲ್ಲ ಎಂಬುದು ಚುಚ್ಚಿತು.

ಓಡಾಡಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಊರಿನ ಒಂದು ಕಚೇರಿಯಲ್ಲಿ, ಅಷ್ಟು ಹಳೆಯ ಪುಸ್ತಕ ಇಲ್ಲವೆಂದರು. ಕೌಂಟರಿನಲ್ಲಿದ್ದ ಹುಡುಗ ಸಭ್ಯನೇ. "ಸರ್, ನೆರೆಯನ್ನು ದಾಖಲೆ ಅಂತ ಹೇಗೆ ತಗೊಳ್ಳೋದು?" ಎಂದ. ಆಗ ನೆನಪಾಯಿತು: ಹಿಂದೆ ನನ್ನ ಪಿಂಚಣಿ ಮೇಜಿಗೂ ಒಬ್ಬ ಕೊಂಕಣದ ಮುದುಕಿ ಬಂದಿದ್ದರು, ಎರಡು ಕಾಗದದಲ್ಲಿ ಎರಡು ವಯಸ್ಸು. ಗಾಂಧೀಜಿ ಸತ್ತ ವರ್ಷ ತನ್ನ ಮದುವೆ ಎಂದು ಏನೇನೋ ಹೇಳುತ್ತಿದ್ದರು. ನಾನು ಸರಿಯಾದ ದಾಖಲೆ ತನ್ನಿ ಎಂದು ಕಳಿಸಿದೆ. ಅವರು ಮತ್ತೆ ಬರಲಿಲ್ಲ.

ಅಜ್ಜಿಗೆ ಇದರಲ್ಲಿ ಆಸಕ್ತಿಯೇ ಇರಲಿಲ್ಲ. 2014ರಲ್ಲಿ ಬೆರಳಚ್ಚಿನ ಜೀವನ ಪ್ರಮಾಣ ಬಂದಾಗ ಯಂತ್ರ ಅವರ ಬೆರಳನ್ನು ಗುರುತಿಸಲಿಲ್ಲ. ಬೀಡಿ ಎಲೆ ಸುತ್ತಿ ಸುತ್ತಿ ಗೆರೆಗಳೆಲ್ಲ ಸವೆದಿದ್ದವು. ಹತ್ತೂ ಬೆರಳು ಒತ್ತಿಸಿ ಸೋತ ಮೇಲೆ, "ನಾನು ಇಲ್ಲ ಅಂತ ಬರೆದುಬಿಡು" ಎಂದು ನಕ್ಕರು. 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕ ರಾಷ್ಟ್ರಪತಿಯವರ ತಲೆ ಮುಟ್ಟಿ ಹರಸಿದ್ದನ್ನು ಟಿ.ವಿ.ಯಲ್ಲಿ ತೋರಿಸಿದಾಗ, ನೂರೇಳು ಎಂದು ಕೇಳಿ, "ಅವರ ವಯಸ್ಸು ಬರೆದದ್ದು ಯಾರು, ಮೊಮ್ಮಗನಾ?" ಎಂದು ನನ್ನ ಕಡೆ ನೋಡಿದರು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ.

2024ರ ಆಟಿ ತಿಂಗಳಲ್ಲಿ, ಜೋರು ಮಳೆಯ ಒಂದು ಮಧ್ಯಾಹ್ನ, ಗಂಜಿ ಉಂಡು ಮಲಗಿದವರು ಏಳಲಿಲ್ಲ. ಮರಣ ನೋಂದಣಿಯ ಅರ್ಜಿಯಲ್ಲಿ ನಾನು 101 ಎಂದು ಬರೆದೆ. ಆಧಾರ್ ನೋಡಿ, ಹೊಂದುತ್ತಿಲ್ಲ ಎಂದರು. ಹೊಡೆದುಹಾಕಿ ನನ್ನ ಕೈಯಿಂದಲೇ 94 ಎಂದು ತಿದ್ದಿದೆ. ಅದೇ ಅಕ್ಷರ, 1991ರದ್ದೇ.

ಬೂದಿ ಬಿಡಲು ಪಾಣೆಮಂಗಳೂರಿಗೆ ಹೋದೆವು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದಡದಲ್ಲಿ ಛತ್ರಿ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಪ್ರಾಯ ಎಷ್ಟಾಗಿತ್ತು?" ಎಂದು ಕೇಳಿದರು.

"ಮಾರಿ ಬೊಳ್ಳದ ವರ್ಷ ತೊಟ್ಟಿಲಲ್ಲಿದ್ದರಂತೆ" ಎಂದೆ.

ಅವರು ಬೆರಳಲ್ಲಿ ಎಣಿಸಿದರು. "ಹಾಗಾದರೆ ನೂರೊಂದು ಆಯ್ತಲ್ಲ" ಎಂದರು.