ತಾಲ್ಲೂಕು ಕಚೇರಿಗೆ ಒಪ್ಪುವ ನಕ್ಷೆ ತಂತ್ರಾಂಶ

ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಯಾದಗಿರಿ ಜಿಲ್ಲೆಯ ಸಿಬ್ಬಂದಿಗೆ ತುರ್ತಾಗಿ ಬೇಕಾಗುವ ಮಾಹಿತಿ ಎರಡು: ಯಾವ ಊರಿನ ದಾರಿ ಕಡಿಯುತ್ತದೆ, ಯಾರ ಹೊಲ ಮುಳುಗುತ್ತದೆ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ನಡುಗಡ್ಡೆಯಾಗುವುದು ಎಲ್ಲರಿಗೂ ಗೊತ್ತು. ಹೊಳೆದಂಡೆಯ ಉಳಿದ ಸರ್ವೆ ನಂಬರುಗಳ ಲೆಕ್ಕ ಸಿಗಬೇಕಾದರೆ ನಕ್ಷೆಯೇ ಬೇಕು. ಆ ನಕ್ಷೆ ಜಿಲ್ಲೆಯಲ್ಲೇ ತಯಾರಾಗಬೇಕು ಎಂಬ ವಿಚಾರಕ್ಕೆ ನಲವತ್ತು ವರ್ಷ ದಾಟಿದೆ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1982ರಲ್ಲಿ ಎನ್‌ಆರ್‌ಡಿಎಂಎಸ್ ಕಾರ್ಯಕ್ರಮ ಆರಂಭಿಸಿದ್ದು ಇದೇ ಉದ್ದೇಶಕ್ಕೆ. ಅದರ ನೆರವಿನಲ್ಲಿ ಮುಂಬೈನ ಐಐಟಿ ‘ಗ್ರಾಮ್ ಪ್ಲಸ್ ಪ್ಲಸ್’ ಎಂಬ ದೇಸಿ ತಂತ್ರಾಂಶವನ್ನೇ ರೂಪಿಸಿತು. ಅದು ನಮ್ಮ ಕಚೇರಿಗಳಲ್ಲಿ ಬೇರೂರದೆ ಹೋದದ್ದು ನಿಜಕ್ಕೂ ನಷ್ಟ. 1986ರಲ್ಲಿ ಬೆಂಗಳೂರಿನಲ್ಲಿ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಹುಟ್ಟಿತು, 1988ರಲ್ಲಿ ಐಆರ್‌ಎಸ್-1ಎ ಉಪಗ್ರಹ ಹಾರಿತು. ಚಿತ್ರಗಳು ಬಂದವು, ಓದಬಲ್ಲವರು ಮಾತ್ರ ರಾಜಧಾನಿಯಲ್ಲೇ ಉಳಿದರು. ಯಾದಗಿರಿ ಆಗಿನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕು.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ಹೆಸರು, ವಿಸ್ತೀರ್ಣ, ಬೆಳೆ ಎಲ್ಲವೂ ಬಂದವು, ಹೊಲದ ಆಕಾರ ಬರಲಿಲ್ಲ. ಅಕ್ಷರ ಒಂದು ಕಡೆ, ನಕಾಶೆ ಇನ್ನೊಂದು ಕಡೆ ಎಂಬ ಈ ಅಗಲಿಕೆಯೇ ಮುಂದಿನ ತೊಡಕುಗಳಿಗೆಲ್ಲ ಮೂಲ ಎಂದು ನನ್ನ ಅಭಿಪ್ರಾಯ. ಈಚೆಗೆ ಕೆ-ಜಿಐಎಸ್ ಮತ್ತು ‘ದಿಶಾಂಕ್’ ಆ್ಯಪ್ ಅದನ್ನು ಒಂದಷ್ಟು ಸರಿಪಡಿಸಿವೆ. ಹೊಲದಲ್ಲಿ ನಿಂತರೆ ಸರ್ವೆ ನಂಬರು ಮೊಬೈಲಿನಲ್ಲಿ ಕಾಣುತ್ತದೆ. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅದು ನೋಡಲಿಕ್ಕೆ ಸಾಕು, ಹದ್ದುಬಸ್ತಿಗೆ ಸಾಲದು. ಉದ್ಯೋಗ ಖಾತ್ರಿ ಕಾಮಗಾರಿ ಯೋಜಿಸಲು ಇಸ್ರೋದ ‘ಭುವನ್’ ಮೇಲೆ 2021ರಲ್ಲಿ ‘ಯುಕ್ತಧಾರಾ’ ಬಂತು. ಅದೇ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ಮೇಲಿದ್ದ ಬಹಳಷ್ಟು ನಿರ್ಬಂಧ ಸಡಿಲಿಸಿತು.

ಇವೆಲ್ಲ ನೋಡುವ, ತುಂಬುವ ಸಾಧನಗಳು. ನಮಗೆ ಬೇಕಾದ ಪದರಗಳನ್ನು ಒಂದರ ಮೇಲೊಂದು ಹಾಕಿ ನಾವೇ ಲೆಕ್ಕ ತೆಗೆಯಲು ಬೇರೆಯದೇ ಬೇಕು. ಆರ್ಕ್‌ಜಿಐಎಸ್ ಬಲವಾದದ್ದು, ನುರಿತ ತಂಡವಿರುವ ರಾಜ್ಯಮಟ್ಟದ ಕೇಂದ್ರಕ್ಕೆ ಸರಿ. ತಾಲ್ಲೂಕಿನಲ್ಲಿ ಲೈಸೆನ್ಸ್ ನವೀಕರಿಸಲು ವರ್ಷ ವರ್ಷ ಅನುದಾನ ಹುಡುಕಬೇಕು. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್‌ಗೆ ಶುಲ್ಕವಿಲ್ಲ. ಕಲಿತ ನೌಕರ ಶಹಾಪುರದಿಂದ ಸುರಪುರಕ್ಕೆ ವರ್ಗವಾದರೆ ಅಲ್ಲಿಯೂ ಅದನ್ನೇ ಹಾಕಿಕೊಂಡು ಕೆಲಸ ಮುಂದುವರಿಸಬಹುದು. ಅದರ ಜೊತೆಗಾರ ಕ್ಯೂಫೀಲ್ಡ್ ನೆಟ್‌ವರ್ಕ್ ಸಿಗದ ಹೊಳೆದಂಡೆಯಲ್ಲೂ ನಡೆಯುತ್ತದೆ.

ತಂತ್ರಾಂಶಕ್ಕಿಂತ ಫೈಲಿನ ಆಯ್ಕೆ ಹೆಚ್ಚು ಕಾಡುತ್ತದೆ. ಎಲ್ಲೆಡೆ ಓಡಾಡುವ ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಇರುವುದು 10 ಬೈಟ್ ಜಾಗ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಕಾಗುಣಿತ, ಒತ್ತು ಎಲ್ಲವನ್ನೂ ಬೇರೆಯಾಗಿ ಎಣಿಸಬೇಕು. ಹಾಗಾಗಿ ‘ಊರು’ ಹಿಡಿಸುತ್ತದೆ, ‘ಗ್ರಾಮ’ ಹಿಡಿಸುವುದಿಲ್ಲ! ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಪಟ್ಟಿ ಸೇರಿಸಿದರಂತೂ ಊರ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಟ್ಟಿಯನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ, ಜಿಯೋಪ್ಯಾಕೇಜ್ ಆಗಿ ಉಳಿಸಿದರೆ ಈ ಕಾಟವಿಲ್ಲ. ಅಳತೆಯ ವಿಷಯದಲ್ಲಿ ಯಾದಗಿರಿಗೆ ಒಂದು ಅನುಕೂಲವಿದೆ: ಇಡೀ ಜಿಲ್ಲೆ ಯುಟಿಎಂ 43ನೇ ವಲಯದೊಳಗೇ ಬರುತ್ತದೆ, ಎಕರೆ-ಗುಂಟೆ ಲೆಕ್ಕಕ್ಕೆ ಎರಡು ವಲಯಗಳನ್ನು ಹೊಂದಿಸುವ ಗೋಜಿಲ್ಲ.

ನನ್ನನ್ನು ಕೇಳಿದರೆ ದಿಶಾಂಕ್ ಎಲ್ಲರ ಕೈಯಲ್ಲಿರಲಿ, ಪ್ರತಿ ತಾಲ್ಲೂಕಿನಲ್ಲಿ ಒಬ್ಬರಲ್ಲ, ಇಬ್ಬರು ಕ್ಯೂಜಿಐಎಸ್ ಕಲಿಯಲಿ. ಕಲಿಕೆಗೆ ಯಾವುದೋ ದೂರದ ಊರಿನ ಮಾದರಿ ಬೇಡ. ಕೃಷ್ಣಾ, ಭೀಮಾ ದಂಡೆಯ ತಮ್ಮದೇ ಗ್ರಾಮ ನಕಾಶೆ ಹರಡಿಕೊಂಡು, ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ತಿಂಗಳಲ್ಲೇ ಕೂರಿಸಬೇಕು.