ಬ್ರಿಟಿಷ್ ಉಚ್ಚಾರಣೆಯ ಆಕರ್ಷಣೆ: ಒಂದು ಶೋಧನೆಯ ಸಮೀಕ್ಷೆ

ಬ್ರಿಟಿಷರು ಆಡುವ ಇಂಗ್ಲಿಷಿನ ಉಚ್ಚಾರಣೆಯಲ್ಲಿ ಸ್ವಭಾವಸಿದ್ಧವಾದ ಮಾಧುರ್ಯವೊಂದು ಉಂಟೆಂದೂ, ಸ್ವರಗಳ ದೀರ್ಘತೆ, ವ್ಯಂಜನಗಳ ಸ್ಫುಟತೆ, ವಾಕ್ಯದ ಮೃದುವಾದ ಏರಿಳಿತ ಇವುಗಳೇ ಕೇಳಿದವರ ಮನಸ್ಸನ್ನು ಸೆಳೆಯುತ್ತವೆಂದೂ ಪತ್ರಿಕೆಗಳ ಪುರವಣಿಗಳಲ್ಲಿ ಈಚೆಗೆ ಮೇಲಿಂದ ಮೇಲೆ ಬರೆಯುತ್ತಿದ್ದಾರೆ. ಇದನ್ನು ಅಲ್ಲಗಳೆಯುವವರಾದರೋ ಈ ಮೆಚ್ಚುಗೆಯೆಲ್ಲ ಸಾಮ್ರಾಜ್ಯದ ಕಾಲದಿಂದ ಉಳಿದುಬಂದ ದಾಸ್ಯಬುದ್ಧಿಯೆಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟು ಸುಮ್ಮನಾಗುತ್ತಾರೆ. ಬ್ರಿಟನ್ನಿನ ಹಂಗನ್ನು ಎಂದೋ ಹರಿದುಕೊಂಡು ಅದಕ್ಕಿಂತ ಎಷ್ಟೋ ಪಾಲು ಬಲಶಾಲಿಗಳಾದ ಅಮೆರಿಕನ್ನರಲ್ಲಿಯೂ ಅದೇ ಮೋಹ ಏಕೆ ಕಾಣುತ್ತದೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಈ ವಿಷಯವನ್ನು ತೊಂಬತ್ತು ವರ್ಷಗಳಿಗೂ ಮೀರಿ ಪ್ರಯೋಗಮುಖವಾಗಿ ಪರೀಕ್ಷಿಸುತ್ತ ಬಂದಿರುವ ಶಾಸ್ತ್ರಶಾಖೆಯೊಂದು ಉಂಟೆಂಬುದನ್ನು ಎರಡು ಪಕ್ಷದವರೂ ಗಣನೆಗೆ ತೆಗೆದುಕೊಂಡಂತೆ ತೋರುವುದಿಲ್ಲ. ಅದನ್ನು ಬಹುಕಾಲ ಓದುತ್ತ, ಓದಿಸುತ್ತ ಬಂದವನಾದುದರಿಂದ ಅದರ ಬೆಳವಣಿಗೆಯನ್ನು ಕನ್ನಡ ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲಿಗೇ ಒಂದು ಭ್ರಮೆಯನ್ನು ಕಳೆಯಬೇಕು. ಬ್ರಿಟಿಷ್ ಉಚ್ಚಾರಣೆಯೆಂಬ ಏಕವಸ್ತು ಯಾವುದೂ ಇಲ್ಲ. ಗ್ಲಾಸ್ಗೋ, ಲಿವರ್‌ಪೂಲ್, ನ್ಯೂಕ್ಯಾಸಲ್, ಬರ್ಮಿಂಗ್ಹ್ಯಾಮ್, ಕಾರ್ಡಿಫ್ ಈ ಪಟ್ಟಣಗಳ ಜನ ಒಬ್ಬರೊಬ್ಬರಿಂದ ಎಷ್ಟು ಭಿನ್ನವಾಗಿ ನುಡಿಯುತ್ತಾರೆಂದರೆ, ಹೊರನಾಡಿನ ಕಿವಿಗೆ ಒಮ್ಮೊಮ್ಮೆ ಅದು ಒಂದೇ ಭಾಷೆಯೆಂದು ನಂಬುವುದೇ ಕಷ್ಟವಾಗುತ್ತದೆ. ಲೋಕ ಮೆಚ್ಚಿರುವುದು ಬಹುಮಟ್ಟಿಗೆ ಇವುಗಳೊಳಗಿನ ಒಂದನ್ನು ಮಾತ್ರ: ರಿಸೀವ್ಡ್ ಪ್ರನನ್ಸಿಯೇಷನ್ ಎಂದು ಹೆಸರಾದ, ಇಲ್ಲಿ ಶಿಷ್ಟೋಚ್ಚಾರಣೆಯೆಂದು ಕರೆಯುವ ಶೈಲಿಯನ್ನು. ಅದು ಯಾವ ಒಂದು ಊರಿಗೂ ಸೇರಿದುದಲ್ಲ. ಒಂದು ವರ್ಗಕ್ಕೆ, ಆ ವರ್ಗದ ಮಕ್ಕಳು ಓದಿದ ವಸತಿಶಾಲೆಗಳಿಗೆ ಸೇರಿದುದು.

ಪೂರ್ವಚರಿತ್ರೆಯನ್ನು ಸಂಗ್ರಹವಾಗಿ ಹೇಳಿದರೆ ಸಾಕು. 1762ರಲ್ಲಿ ಥಾಮಸ್ ಶೆರಿಡನ್ನನ ವಾಕ್ಕಲೆಯ ಉಪನ್ಯಾಸಗಳೂ 1791ರಲ್ಲಿ ಜಾನ್ ವಾಕರನ ಉಚ್ಚಾರಣಕೋಶವೂ ಪ್ರಕಟವಾದುವು. ಎಲ್ಲರೂ ಲಂಡನ್ನಿನ ಶಿಷ್ಟರಂತೆ ನುಡಿಯಬೇಕೆಂಬ ಹಂಬಲವನ್ನು ಇವು ನಾಡಿನ ಉದ್ದಗಲಕ್ಕೂ ಹರಡಿದುವು. ‘ಪ್ಲಾಂಟ್’, ‘ಆನ್ಸರ್’ ಮೊದಲಾದ ಶಬ್ದಗಳಲ್ಲಿ ಇಂದು ಶಿಷ್ಟೋಚ್ಚಾರಣೆಯ ಹೆಗ್ಗುರುತಾಗಿರುವ ದೀರ್ಘ ಆಕಾರವನ್ನು ಆ ವಾಕರನೇ ಗ್ರಾಮ್ಯತೆಗೆ ಸಮೀಪವಾದುದೆಂದು ಖಂಡಿಸಿದ್ದನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಡೇನಿಯಲ್ ಜೋನ್ಸರ ಉಚ್ಚಾರಣಕೋಶ 1917ರಲ್ಲಿ ಬಂತು. 1922ರಲ್ಲಿ ಹುಟ್ಟಿದ ಬಿಬಿಸಿ ನಾಲ್ಕೇ ವರ್ಷಗಳಲ್ಲಿ ರಾಜಕವಿ ರಾಬರ್ಟ್ ಬ್ರಿಡ್ಜಸ್ಸರ ಅಧ್ಯಕ್ಷತೆಯಲ್ಲಿ ಆಡುಮಾತಿನ ಇಂಗ್ಲಿಷಿಗೊಂದು ಸಲಹಾ ಸಮಿತಿಯನ್ನು ರಚಿಸಿ, ಆ ಶೈಲಿಗೆ ಆಕಾಶವಾಣಿಯ ಅಧಿಕಾರಮುದ್ರೆಯನ್ನೊತ್ತಿತು. ಮ್ಯಾಂಚೆಸ್ಟರಿನ ಮನಶ್ಶಾಸ್ತ್ರಜ್ಞ ಟಿ. ಎಚ್. ಪಿಯರ್ ಅದೇ ಬಿಬಿಸಿಯ ಮೂಲಕ ಒಂಬತ್ತು ಮಂದಿಯಿಂದ ಓದಿಸಿ, ಧ್ವನಿಮಾತ್ರದಿಂದ ಮನುಷ್ಯನನ್ನು ಹೇಗೆ ಊಹಿಸುತ್ತೀರೆಂದು ಕೇಳುಗರನ್ನು ಪ್ರಶ್ನಿಸಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದುವು. ಅದರ ವೃತ್ತಾಂತ 1931ರ ಅವರ ಗ್ರಂಥದಲ್ಲಿದೆ. ಪ್ರಶ್ನೆ ಒಳ್ಳೆಯದಾಗಿತ್ತು. ಆದರೆ ಓದಿದ ಒಂಬತ್ತು ಮಂದಿಯ ಕಂಠಗಳೂ ಒಂಬತ್ತು ಬಗೆಯಾಗಿದ್ದುದರಿಂದ, ಕೇಳುಗರು ಮೆಚ್ಚಿದುದು ಕಂಠವನ್ನೋ ಉಚ್ಚಾರಣೆಯನ್ನೋ ಎಂದು ಬೇರ್ಪಡಿಸಿ ಹೇಳುವ ಉಪಾಯವಿರಲಿಲ್ಲ.

ಆ ಉಪಾಯ ದೊರೆತದ್ದು ಇಂಗ್ಲೆಂಡಿನಲ್ಲಲ್ಲ, ಕೆನಡಾದ ಮಾಂಟ್ರಿಯಲಿನಲ್ಲಿ. ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಾಲೆಸ್ ಲ್ಯಾಂಬರ್ಟರೂ ಅವರ ಸಹೋದ್ಯೋಗಿಗಳೂ 1960ರಲ್ಲಿ ಪ್ರಕಟಿಸಿದ ಲೇಖನದಿಂದಲೇ ಈ ಶಾಸ್ತ್ರ ನಿಜವಾಗಿ ಆರಂಭವಾಯಿತೆನ್ನಬೇಕು. ಎರಡು ಭಾಷೆಗಳನ್ನೂ ಸಮಾನವಾಗಿ ಬಲ್ಲವರನ್ನು ಕರೆದು, ಒಂದೇ ಗದ್ಯಭಾಗವನ್ನು ಒಮ್ಮೆ ಇಂಗ್ಲಿಷಿನಲ್ಲಿಯೂ ಒಮ್ಮೆ ಫ್ರೆಂಚಿನಲ್ಲಿಯೂ ಅವರಿಂದ ಓದಿಸಿ, ಮುದ್ರಿಸಿದ ಧ್ವನಿಗಳನ್ನು ಹಿಂದುಮುಂದಾಗಿ ಜೋಡಿಸಿ ಕೇಳಿಸಿದರು. ಪ್ರತಿಯೊಂದು ವಾಚನವೂ ಬೇರೆ ಬೇರೆ ವ್ಯಕ್ತಿಯದೆಂದೇ ಕೇಳುಗರು ತಿಳಿದಿದ್ದರು. ಒಬ್ಬನೇ ನಟ ಎರಡು ವೇಷಗಳಲ್ಲಿ ರಂಗಕ್ಕೆ ಬಂದಂತೆ ಕಂಠ ಒಂದೇ, ನುಡಿ ಮಾತ್ರ ಬೇರೆ. ಆದುದರಿಂದ ತೀರ್ಪಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಅದಕ್ಕೆ ನುಡಿಯೊಂದೇ ಕಾರಣವಾಗಿರಬೇಕು. ಇಂಗ್ಲಿಷ್ ಕೇಳುಗರು ತಮ್ಮ ಭಾಷೆಯ ವೇಷದವನನ್ನು ಹೆಚ್ಚು ಬುದ್ಧಿವಂತನೆಂದು ಎಣಿಸಿದುದಲ್ಲದೆ, ಅವನು ಹೆಚ್ಚು ಎತ್ತರದವನೂ ಹೆಚ್ಚು ರೂಪವಂತನೂ ಆಗಿರಬೇಕೆಂದು, ಮುಖವನ್ನೇ ಕಾಣದೆ, ತೀರ್ಮಾನಿಸಿದರು. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಫ್ರೆಂಚ್ ಕೇಳುಗರು ತಮ್ಮ ಭಾಷೆಯ ವೇಷವನ್ನು ಬಿಟ್ಟು ಆಳುವ ವರ್ಗದ ಭಾಷೆಯ ವೇಷಕ್ಕೇ ಇನ್ನೂ ಹೆಚ್ಚಿನ ಗುಣಗಳಲ್ಲಿ ಮೇಲ್ಮೆಯನ್ನು ಕೊಟ್ಟರು.

ಈ ವಿಧಾನವನ್ನು ಒಂದೇ ಭಾಷೆಯ ಒಳಗಣ ಉಚ್ಚಾರಣಭೇದಗಳಿಗೆ ಅನ್ವಯಿಸಿದ ಕೀರ್ತಿ ವೇಲ್ಸಿನವರಾದ ಹೊವಾರ್ಡ್ ಜೈಲ್ಸರದು. ಬ್ರಿಸ್ಟಲ್ಲಿನಲ್ಲಿ ಅವರೂ ಅವರ ಸಂಗಡಿಗರೂ 1970ರಿಂದ ಹತ್ತು ಹನ್ನೆರಡು ವರ್ಷಗಳ ಕಾಲ ನಡೆಸಿದ ಪ್ರಯೋಗಗಳಿಗೆ ಸಮನಾದುದು ಈ ಕ್ಷೇತ್ರದಲ್ಲಿ ಮತ್ತೆ ಬಂದಿಲ್ಲವೆಂಬುದು ನನ್ನ ನಿಶ್ಚಿತಾಭಿಪ್ರಾಯ. ನಾನು ವಿದ್ಯಾರ್ಥಿಯಾಗಿದ್ದಾಗ ಆ ಲೇಖನಗಳು ನಮ್ಮ ಕೈಗೆ ತಡವಾಗಿ, ಬಿಡಿಬಿಡಿಯಾಗಿ ಬರುತ್ತಿದ್ದುವು. ಒಂದೊಂದನ್ನೂ ನಾವು ಕೈಯಿಂದ ಪ್ರತಿಮಾಡಿಕೊಂಡು ಓದುತ್ತಿದ್ದೆವು. 1970ರ ಮೊದಲ ಲೇಖನದಲ್ಲಿಯೇ, ದಕ್ಷಿಣ ವೇಲ್ಸ್ ಮತ್ತು ಸಾಮರ್ಸೆಟ್ಟಿನ ಶಾಲಾಮಕ್ಕಳ ತೀರ್ಪಿನಲ್ಲಿ ಶಿಷ್ಟೋಚ್ಚಾರಣೆ ಎಲ್ಲಕ್ಕಿಂತ ಮೇಲೆಯೂ ಬರ್ಮಿಂಗ್ಹ್ಯಾಮಿನ ಧಾಟಿ ಕಟ್ಟಕಡೆಗೂ ನಿಂತುವು. ಇಷ್ಟೇ ಆಗಿದ್ದರೆ ಅದು ಲೋಕಕ್ಕೆ ತಿಳಿದ ಸಂಗತಿಯ ಪುನರುಕ್ತಿಯಾಗುತ್ತಿತ್ತು. ಮೇಲೆ ನಿಂತುದು ಸಹಜಸೌಂದರ್ಯದ ಬಲದಿಂದಲೋ, ಸಮಾಜ ಹೇರಿದ ಮಾನದಂಡದ ಬಲದಿಂದಲೋ ಎಂದು ಅವರು ಮುಂದೆ ಕೇಳಿದ ಪ್ರಶ್ನೆಯೇ ಮುಖ್ಯವಾದುದು.

ಅದಕ್ಕೆ ಉತ್ತರ ಕಂಡುಕೊಂಡ ಬಗೆ ಮನೋಹರವಾದುದು. ಗ್ರೀಸಿನಲ್ಲಿ ಅಥೆನ್ಸಿನ ಉಚ್ಚಾರಣೆಗೆ ಗೌರವ ಹೆಚ್ಚು, ಕ್ರೀಟ್ ದ್ವೀಪದ ಉಚ್ಚಾರಣೆಗೆ ಕಡಿಮೆ. ಗ್ರೀಕಿನ ಗಂಧವೂ ಇಲ್ಲದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಜೈಲ್ಸ್, ಬೂರ್ಹಿಸ್, ಟ್ರಡ್ಗಿಲ್ ಮತ್ತು ಲೂಯಿಸ್ ಇವೆರಡನ್ನೂ ಕೇಳಿಸಿದರು. ಅಥೆನ್ಸಿನ ನುಡಿ ಸ್ವಭಾವತಃ ಸುಂದರವಾಗಿದ್ದ ಪಕ್ಷದಲ್ಲಿ, ಅರ್ಥ ತಿಳಿಯದವನ ಕಿವಿಗೂ ಅದು ಹೆಚ್ಚು ಇಂಪಾಗಬೇಕಾಗಿತ್ತು. ಹಾಗೆ ಆಗಲಿಲ್ಲ, 1974ರ ಆ ಲೇಖನದ ಪ್ರಕಾರ ಎರಡಕ್ಕೂ ಗಣನೀಯವಾದ ಅಂತರವೇ ಕಾಣಲಿಲ್ಲ. ಫ್ರೆಂಚಿನ ಮೂರು ಧಾಟಿಗಳನ್ನು ವೇಲ್ಸಿನ ಕೇಳುಗರ ಮುಂದಿಟ್ಟಾಗಲೂ ಫಲ ಹೀಗೆಯೇ. ಬ್ರಿಟನ್ನಿನ ನಾನಾ ಉಚ್ಚಾರಣೆಗಳನ್ನು ಸ್ವದೇಶದವರಿಗೂ ಅಟ್ಲಾಂಟಿಕಿನ ಆಚೆಯವರಿಗೂ ಕೇಳಿಸಿದ ಟ್ರಡ್ಗಿಲ್ ಮತ್ತು ಜೈಲ್ಸ್, ಇಂಗ್ಲೆಂಡಿನವರು ಒರಟೆಂದು ಕೆಳಗಿಟ್ಟ ಕೈಗಾರಿಕಾ ಪಟ್ಟಣಗಳ ಧಾಟಿಗಳಲ್ಲಿ, ಆ ಪಟ್ಟಣಗಳ ಪರಿಚಯವಿಲ್ಲದ ಅಮೆರಿಕನ್ನರಿಗೆ ಆ ಕುರೂಪ ಕೇಳಿಸುವುದಿಲ್ಲವೆಂಬುದನ್ನು ತೋರಿಸಿದರು. ಹೊಗೆಯನ್ನೂ ಕಾರ್ಖಾನೆಯನ್ನೂ ಬಡತನವನ್ನೂ ಬಲ್ಲವನಿಗೆ ಬರ್ಮಿಂಗ್ಹ್ಯಾಮಿನ ನುಡಿಯಲ್ಲಿ ಅವು ಕೇಳಿಸುತ್ತವೆ. ಅರಿಯದವನಿಗೆ ಅದು ಬರಿಯ ನುಡಿ.

ಇದೇ ಗುಂಪಿನ ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಎರಡು ಧಾಟಿಗಳಲ್ಲಿಯೂ ಸರಾಗವಾಗಿ ನುಡಿಯಬಲ್ಲ ಒಬ್ಬಾತ ಹದಿನೇಳರ ವಯಸ್ಸಿನ ವಿದ್ಯಾರ್ಥಿಗಳ ಎರಡು ತಂಡಗಳ ಮುಂದೆ, ಒಂದರಲ್ಲಿ ಶಿಷ್ಟೋಚ್ಚಾರಣೆಯಿಂದಲೂ ಇನ್ನೊಂದರಲ್ಲಿ ಬರ್ಮಿಂಗ್ಹ್ಯಾಮಿನ ಧಾಟಿಯಿಂದಲೂ ಮಾತನಾಡಿ, ಮನಶ್ಶಾಸ್ತ್ರವೆಂದರೆ ಏನೆಂದು ತಿಳಿದಿದ್ದೀರೋ ಅದನ್ನು ಬರೆಯಿರೆಂದು ಕೇಳಿ ಹೊರಟುಹೋದ. ಆಮೇಲೆ ಬೇರೊಬ್ಬರು ಬಂದು, ಆತನ ವಿಷಯವಾಗಿಯೂ ಅಭಿಪ್ರಾಯ ಬರೆಸಿಕೊಂಡರು. ಶಿಷ್ಟೋಚ್ಚಾರಣೆಯಲ್ಲಿ ಕೇಳಿದವರು ಆತನಿಗೂ ಹೆಚ್ಚು ಬರೆದರು, ಆತನನ್ನು ಕುರಿತೂ ಹೆಚ್ಚು ಬರೆದರು. ಮನುಷ್ಯ ಒಬ್ಬನೇ, ಮಾತೂ ಒಂದೇ. ಕೆಲವರು ಈ ಪ್ರಯೋಗಗಳನ್ನು ಕೃತಕವೆಂದು ದೂರುತ್ತಾರೆ. ಅಂಥವರು ಬೂರ್ಹಿಸ್ ಮತ್ತು ಜೈಲ್ಸ್ 1976ರಲ್ಲಿ ಪ್ರಕಟಿಸಿದ ವೇಲ್ಸಿನ ನಾಟಕಶಾಲೆಯ ಅಧ್ಯಯನವನ್ನು ಓದಬೇಕು. ಪ್ರೇಕ್ಷಕರಿಗೆ ತಿಳಿಯದಂತೆ, ವಿರಾಮಕಾಲದ ಒಂದು ವಿನಂತಿಯ ಭಾಷೆಯನ್ನೋ ಉಚ್ಚಾರಣೆಯನ್ನೋ ಮಾತ್ರ ಬದಲಿಸಿ ನೋಡಿದಾಗ, ವೆಲ್ಷ್ ಬಲ್ಲ ಪ್ರೇಕ್ಷಕರು ತಮ್ಮ ಭಾಷೆಯ ವಿನಂತಿಗೆ ಎಲ್ಲಕ್ಕಿಂತ ಹೆಚ್ಚಾಗಿಯೂ ಶಿಷ್ಟೋಚ್ಚಾರಣೆಗೆ ಎಲ್ಲಕ್ಕಿಂತ ಕಡಿಮೆಯಾಗಿಯೂ ಓಗೊಟ್ಟರು. ಗೌರವಿಸುವುದು ಬೇರೆ, ಹತ್ತಿರವೆಂದೆಣಿಸುವುದು ಬೇರೆ ಎಂಬ ಈ ವಿವೇಕವೇ ಬ್ರಿಸ್ಟಲ್ ಪಂಥ ನಮಗೆ ಬಿಟ್ಟುಹೋದ ಸೊತ್ತು.

ಅಮೆರಿಕದ ಮೋಹಕ್ಕೂ ಈ ವಿವೇಕದಲ್ಲಿಯೇ ಕೀಲಿಕೈಯುಂಟು. ಸ್ಟೀವರ್ಟ್, ರಯನ್ ಮತ್ತು ಜೈಲ್ಸ್ 1985ರಲ್ಲಿ ತೋರಿಸಿಕೊಟ್ಟಂತೆ, ಅಮೆರಿಕನ್ ಕೇಳುಗರು ಬ್ರಿಟಿಷ್ ಶಿಷ್ಟೋಚ್ಚಾರಣೆಯವನಿಗೆ ಅಂತಸ್ತಿನಲ್ಲಿ ತಮ್ಮವನಿಗಿಂತ ಮೇಲಿನ ಸ್ಥಾನವನ್ನೂ ಆತ್ಮೀಯತೆಯಲ್ಲಿ ಕೆಳಗಿನ ಸ್ಥಾನವನ್ನೂ ಕೊಟ್ಟರು. 1994ರ ‘ದಿ ಲಯನ್ ಕಿಂಗ್’ ಎಂಬ ಡಿಸ್ನಿ ಚಿತ್ರದಲ್ಲಿ ಅಣ್ಣನಾದ ಮುಫಾಸನಿಗೂ ಮಗನಾದ ಸಿಂಬನಿಗೂ ಅಮೆರಿಕನ್ ನುಡಿಯನ್ನು ಕೊಟ್ಟು, ಅದೇ ರಕ್ತಕ್ಕೆ ಸೇರಿದ ದುಷ್ಟ ತಮ್ಮ ಸ್ಕಾರನಿಗೆ ಮಾತ್ರ ಜೆರೆಮಿ ಐರನ್ಸರ ಬ್ರಿಟಿಷ್ ಕಂಠವನ್ನು ಕೊಟ್ಟಿರುವುದರ ಅರ್ಥವೂ ಇದೇ: ಸುಸಂಸ್ಕೃತ, ಚತುರ, ಆದರೆ ನಮ್ಮವನಲ್ಲ. ಡಿಸ್ನಿಯ ಚಿತ್ರಗಳನ್ನು ಈ ದೃಷ್ಟಿಯಿಂದ ಶೋಧಿಸಿದ ರೊಸಿನಾ ಲಿಪ್ಪಿ-ಗ್ರೀನರ 1997ರ ಗ್ರಂಥಕ್ಕೆ ಸಿಕ್ಕಬೇಕಾದ ಮನ್ನಣೆ ನಮ್ಮಲ್ಲಿ ಸಿಕ್ಕಿಲ್ಲ. ಇನ್ನು ಸಹಜಸೌಂದರ್ಯವಾದಿಗಳನ್ನು ನಿರುತ್ತರಗೊಳಿಸುವ ಸಾಕ್ಷ್ಯ ವಿಲಿಯಂ ಲಬೋವರ 1966ರ ನ್ಯೂಯಾರ್ಕ್ ಅಧ್ಯಯನದಲ್ಲಿದೆ. ಸ್ವರದ ಬಳಿಕ ಬರುವ ರೇಫವನ್ನು, ಎಂದರೆ ರಕಾರವನ್ನು, ಲೋಪಿಸಿ ನುಡಿಯುವುದು ಲಂಡನ್ನನ್ನು ಅನುಸರಿಸಿ ಒಂದು ಕಾಲಕ್ಕೆ ಆ ನಗರದಲ್ಲಿಯೂ ಕುಲೀನತೆಯ ಚಿಹ್ನೆಯಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ರೇಫವನ್ನು ಉಚ್ಚರಿಸುವುದೇ ಕುಲೀನತೆಯಾಗಿ, ಅದನ್ನು ಬಿಡುವುದು ಕೀಳು ಎನಿಸಿತು. ಧ್ವನಿ ಅದೇ; ಸಾಗರದ ಒಂದು ತೀರದಲ್ಲಿ ಅದು ಭೂಷಣ, ಇನ್ನೊಂದು ತೀರದಲ್ಲಿ ದೂಷಣ.

ಈಚಿನ ಕಾಲದಲ್ಲಿ ಪರೀಕ್ಷೆಯ ಗಾತ್ರ ಹಿರಿದಾಗಿದೆ. ಸೂಕ್ಷ್ಮತೆ ಹೆಚ್ಚಿತೆಂದು ಹೇಳಲಾರೆ. ಕೂಪ್ಲೆಂಡ್ ಮತ್ತು ಬಿಷಪ್ 2007ರಲ್ಲಿ ಪ್ರಕಟಿಸಿದ ಬಿಬಿಸಿ ಸಮೀಕ್ಷೆಯಲ್ಲಿ 5,010 ಮಂದಿ 34 ಉಚ್ಚಾರಣೆಗಳಿಗೆ ಅಂಕ ಕೊಟ್ಟರು; ಆದರೆ ಕೊಟ್ಟುದು ಹೆಸರುಗಳಿಗೆ, ಕಿವಿಯಿಂದ ಕೇಳಿದ ಕಂಠಗಳಿಗಲ್ಲ. ಹಾಗಿದ್ದರೂ ಬರ್ಮಿಂಗ್ಹ್ಯಾಮ್ ಮತ್ತೆ ತಳದಲ್ಲಿಯೇ ಉಳಿಯಿತು. ಸ್ಕಾಟ್ಲೆಂಡಿನ ಮತ್ತು ದಕ್ಷಿಣ ಐರ್ಲೆಂಡಿನ ಧಾಟಿಗಳು ಜನರಿಗೆ ಪ್ರಿಯವಾಗಿ ಕಂಡುವು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ದೇವಯಾನಿ ಶರ್ಮಾ ಮತ್ತು ಅವರ ಜೊತೆಗಾರರು 2022ರಲ್ಲಿ ಐವತ್ತು ವರ್ಷಗಳ ಫಲಿತಾಂಶಗಳನ್ನು ಹೋಲಿಸಿ ನೋಡಿದಾಗಲೂ ಆ ಶ್ರೇಣಿ ಬಹುಮಟ್ಟಿಗೆ ಕದಲಿರಲಿಲ್ಲ.

ಇಷ್ಟು ಬೆಳೆದ ಶಾಸ್ತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಆಕರ್ಷಣೆ ಎಂಬುದನ್ನೇ ಅದು ನೇರವಾಗಿ ಎದುರಿಸಿದುದು ಕಡಿಮೆ. ಬುದ್ಧಿ, ಅಧಿಕಾರ, ಸ್ನೇಹಗಳ ಪಟ್ಟಿಯಲ್ಲಿ ಅದನ್ನು ಒಂದು ವಿಶೇಷಣವಾಗಿ ಸೇರಿಸಿಕೊಂಡು ಮುಂದೆ ನಡೆದಿದೆ. ಕಂಠದ ಸ್ಥಾಯಿ, ನಾದ, ಗಾಂಭೀರ್ಯಗಳು ಆಕರ್ಷಣೆಗೆ ಹೇಗೆ ಕಾರಣವಾಗುತ್ತವೆಂದು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞರು ಬೇರೆಯೇ ಇದ್ದಾರೆ; ಅವರಿಗೂ ಉಚ್ಚಾರಣೆಯನ್ನು ಅಭ್ಯಸಿಸಿದವರಿಗೂ ಮಾತುಕತೆ ಸಾಲದು. ಕಿಂಜ್ಲರ್, ಡುಪು ಮತ್ತು ಸ್ಪೆಲ್ಕಿ 2007ರಲ್ಲಿ ಕಂಡಂತೆ, ಐದಾರು ತಿಂಗಳ ಕೂಸು ತನ್ನ ಮನೆಯ ಧಾಟಿಯಲ್ಲಿ ನುಡಿದವರ ಕಡೆಗೇ ಹೆಚ್ಚು ಹೊತ್ತು ನೋಡುತ್ತದೆ. ಆದುದರಿಂದ ದೂರದ ನುಡಿಗೆ ಮನಸೋಲುವುದು ಆಮೇಲೆ ಕಲಿತ ಪಾಠವೆಂದೇ ನಾನು ತಿಳಿಯುತ್ತೇನೆ. ಇದಕ್ಕಿಂತ ದೊಡ್ಡ ಕೊರತೆ, ಮೆಚ್ಚುಗೆಯ ಮಾತಿನ ಸಂಭ್ರಮದಲ್ಲಿ ತಳದಲ್ಲಿ ಉಳಿದವರನ್ನು ಮರೆತಿರುವುದು. ಡಿಕ್ಸನ್, ಮಹೋನಿ ಮತ್ತು ಕಾಕ್ಸ್ ಎಂಬ ಸಂಶೋಧಕರು 2002ರಲ್ಲಿ ಪೊಲೀಸ್ ವಿಚಾರಣೆಯೊಂದರ ಸಂಭಾಷಣೆಯನ್ನು ಎರಡು ಧಾಟಿಗಳಲ್ಲಿ ಕೇಳಿಸಿದಾಗ, ಬರ್ಮಿಂಗ್ಹ್ಯಾಮಿನ ಧಾಟಿಯ ಆಪಾದಿತನೇ ಹೆಚ್ಚು ತಪ್ಪಿತಸ್ಥನೆಂದು ಕೇಳುಗರಿಗೆ ತೋರಿದನು. ಒಬ್ಬನ ನುಡಿ ಆಕರ್ಷಕವಾಗುವ ಶ್ರೇಣಿಯಲ್ಲಿಯೇ ಇನ್ನೊಬ್ಬನ ನುಡಿ ಅಪರಾಧದ ಸುಳಿವಾಗುತ್ತದೆ.

ನಮಗೂ ಇದಕ್ಕೂ ಸಂಬಂಧವಿಲ್ಲದೆ ಇಲ್ಲ. ಬ್ರಜ್ ಕಚ್ರು 1970ರ ದಶಕದಲ್ಲಿ ಭಾರತದ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಜನ ಬ್ರಿಟಿಷ್ ಮಾದರಿಯನ್ನೇ ಬಯಸಿದ್ದರು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ತರುಣ ತರುಣಿಯರ ನಾಲಗೆಯಿಂದ ತಾಯ್ನುಡಿಯ ಛಾಯೆಯನ್ನು ತೊಳೆಯುವ ತರಬೇತಿ ವರ್ಷಗಟ್ಟಲೆ ನಡೆದಿದೆ. ನಮ್ಮ ಕನ್ನಡದೊಳಗೂ ಮೈಸೂರು, ಧಾರವಾಡ, ಕಲಬುರಗಿ, ಕುಂದಾಪುರಗಳ ನುಡಿಗಳಿಗೆ ನಮ್ಮ ಚಲನಚಿತ್ರಗಳೂ ಶಾಲೆಗಳೂ ಒಂದೊಂದು ಮೆಟ್ಟಿಲನ್ನು ಗೊತ್ತುಮಾಡಿಟ್ಟಿವೆ. ಅದನ್ನು ಅಳೆದು ತೋರಿಸುವ ಕೆಲಸ ನಮ್ಮ ಮುಂದಿದೆ. ಲ್ಯಾಂಬರ್ಟರ ವಿಧಾನಕ್ಕೆ ಬೇಕಾದುದು ಎರಡು ಧಾಟಿಗಳನ್ನು ಬಲ್ಲ ಕೆಲವರು ಓದುಗರು, ಒಂದು ಗದ್ಯಭಾಗ, ಧ್ವನಿಮುದ್ರಣ ಯಂತ್ರ ಮತ್ತು ತಾಳ್ಮೆ. ನಮ್ಮ ವಿಶ್ವವಿದ್ಯಾನಿಲಯಗಳ ಭಾಷಾವಿಜ್ಞಾನದ ತರುಣ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕು. ನಗರದ ಕಾಲೇಜುಗಳಿಂದಲ್ಲ, ಹಳ್ಳಿಯ ಪ್ರೌಢಶಾಲೆಗಳಿಂದ ಆರಂಭಿಸಬೇಕು.